ಬಚ್ಚಲಮನೆಯಲ್ಲಿ ಶೆಟ್ಟರ ಫೋಟೋ

ನಂಜನಗೂಡಿನ ಅಂಚೆ ಗುಮಾಸ್ತ ನರಹರಿಗೆ ದೊಡ್ಡ ಪೆಟ್ಟಿಗೆ ಕ್ಯಾಮೆರಾದ ಹುಚ್ಚು. ಅಂಗೈಯಗಲದ ಫಿಲ್ಮ್ ಹಾಳೆಗಳನ್ನು ಸ್ಟುಡಿಯೋದಲ್ಲಿ ತೊಳೆಸುವಷ್ಟು ಸಂಬಳವಿಲ್ಲ. ಹಾಗಾಗಿ ಬಚ್ಚಲಮನೆಯ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿ, ಹೆಂಡತಿಯ ಮೂರು ಪ್ಲಾಸ್ಟಿಕ್ ತಟ್ಟೆಗಳಲ್ಲಿ ಘಾಟು ವಾಸನೆಯ ರಾಸಾಯನಿಕ ಸುರಿದು ತಾನೇ ತೊಳೆಯುತ್ತಿದ್ದ.

ಒಂದು ಭಾನುವಾರ ಮನೆ ಮಾಲೀಕ ಶಿವನಂಜಶೆಟ್ಟರು ಮೂಗು ಮುಚ್ಚಿಕೊಂಡೇ ಬಂದರು.

"ಏನ್ರೀ, ನನ್ನ ಬಚ್ಚಲನ್ನ ಔಷಧಿ ಕಾರ್ಖಾನೆ ಮಾಡಿದೀರಾ? ಇವತ್ತೇ ನಿಲ್ಲಿಸಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ!"

"ಆಗಲಿ ಶೆಟ್ರೇ. ಕೊನೇದಾಗಿ ನಿಮ್ಮದೇ ಒಂದು ಫೋಟೋ ತೊಳೆದು ಮುಗಿಸ್ತೀನಿ."

ಶೆಟ್ಟರು ಕರಗಿದರು. ಊರಿಗೆ ಗೊತ್ತಾಗದಂತೆ ಕಪ್ಪು ಬಣ್ಣ ಹಚ್ಚುತ್ತಿದ್ದ ಕೂದಲನ್ನು ನೀಟಾಗಿ ಬಾಚಿ, ಕ್ಯಾಮೆರಾದ ಮುಂದೆ ಗತ್ತಿನಿಂದ ಕೂತರು.

ಒಂದು ಗಂಟೆಯ ನಂತರ ನರಹರಿ ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದ. ಅದರಲ್ಲಿ ಶೆಟ್ಟರ ತಲೆ ಬೆಳ್ಳಗೆ ಹೊಳೆಯುತ್ತಿತ್ತು.

"ಅಯ್ಯೋ, ಬಣ್ಣ ಹಚ್ಚಿದ್ದು ಇದಕ್ಕೆ ಹೇಗ್ರೀ ಗೊತ್ತಾಯ್ತು?" ಶೆಟ್ಟರು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡರು.

"ಇದರಲ್ಲಿ ಬೆಳ್ಳಗಿರೋದೆಲ್ಲ ಕಾಗದದ ಮೇಲೆ ಕರ್ರಗೆ ಬರುತ್ತೆ. ಆದರೆ ಆ ಕೆಲಸಕ್ಕೂ ಬಚ್ಚಲೇ ಬೇಕು. ನೀವು ಬೇಡ ಅಂದುಬಿಟ್ಟಿರಿ. ಹೀಗೇ ಗೋಡೆಗೆ ಹಾಕ್ಕೊಳ್ಳಿ."

ಶೆಟ್ಟರು ನರಹರಿಯನ್ನು ಬಚ್ಚಲಿಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದರು. ಆಮೇಲೆ ಇಡೀ ಬೀದಿಗೆ ಕೇಳಿಸುವಂತೆ ಕೂಗಿದರು:

"ಬಚ್ಚಲು ಇನ್ನು ನಿಮ್ಮದೇ ಕಣ್ರೀ! ನನ್ನ ಕೂದಲು ಕಪ್ಪಾಗೋವರೆಗೂ ಹೊರಗೆ ಬರಬೇಡಿ!"