ಹಿಂದಿನಿಂದ ಬಂದ ಹೂಂ

"ಬುದ್ಧಿ, ದಿನವೂ ನಡೆಯುವ ದಾರಿಯಲ್ಲಿ ಯಾರಾದರೂ ದಾರಿ ತಪ್ಪುತ್ತಾರೆಯೇ?"

ಕರಿಬಸಯ್ಯ ಹೀಗೆ ಕೇಳಿದಾಗ ಗುರುಗಳು ಮಠದ ಜಗುಲಿಯ ಮೇಲೆ ಕುಳಿತು ವಿಭೂತಿ ಗಟ್ಟಿಗಳನ್ನು ಬಿಸಿಲಿಗೆ ಹರಡುತ್ತಿದ್ದರು. ಕರಿಬಸಯ್ಯ ಸಂಸಾರಿ. ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟವನು. ವಾರಕ್ಕೊಮ್ಮೆ ಹೆಂಡತಿಗಿಂತ ಮುಂದಾಗಿ ಮೆಟ್ಟಿಲು ಹತ್ತಿ ಮಠಕ್ಕೆ ಬಂದು, ಒಂದು ಪ್ರಶ್ನೆ ಕೇಳಿ, ಉತ್ತರ ಕೇಳಿಸಿಕೊಂಡು, ಊಟ ಮಾಡಿ ಹೋಗುತ್ತಿದ್ದ.

"ಯಾಕಯ್ಯಾ, ಈಗ ಈ ಅನುಮಾನ?" ಎಂದರು ಗುರುಗಳು.

"ಸಂಸಾರಿಗಳು ದಾರಿ ತಪ್ಪುವುದು ಗೊತ್ತಿರುವ ದಾರಿಯಲ್ಲೇ ಎಂದು ಹೋದ ವಾರ ತಾವು ಹೇಳಿದಿರಿ. ನನಗೆ ಆ ಮಾತು ಹಿಡಿಸಲಿಲ್ಲ. ಇಪ್ಪತ್ತೆರಡು ವರ್ಷದಿಂದ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಒಂದೇ ದಾರಿಯಲ್ಲಿ ನಡೆದವನು ನಾನು. ಕಣ್ಣು ಕಟ್ಟಿ ಬಿಟ್ಟರೂ ಮನೆ ಸೇರುತ್ತೇನೆ."

"ನಿನ್ನ ಕಣ್ಣು ಕಟ್ಟಲು ಬೇರೆ ಬಟ್ಟೆ ಯಾಕೆ ದಂಡ? ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಹೂಂಗುಟ್ಟಿದರೆ ಸಾಕು."

ಕರಿಬಸಯ್ಯ ಶಲ್ಯ ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕುಳಿತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಊಟದ ಎಲೆ ಹಚ್ಚುವವನೊಬ್ಬನಿದ್ದ. ಮುತ್ತುಗದ ಎಲೆ ಕಿತ್ತು ತಂದು, ಕಡ್ಡಿಯಿಂದ ಒಂದಕ್ಕೊಂದು ಚುಚ್ಚಿ, ಒಣಗಿಸಿ, ಕಟ್ಟು ಕಟ್ಟಿ ಪೇಟೆಯ ಛತ್ರಕ್ಕೆ ಕೊಡುವುದು ಅವನ ಕಸುಬು. ಛತ್ರದಲ್ಲಿ ದಿನವೂ ಊಟ, ಹಾಗಾಗಿ ದಿನವೂ ಎಲೆ. ಅವನು ದಿನವೂ ಪೇಟೆಗೆ ನಡೆಯಬೇಕು. ಹಬ್ಬ ಹುಣ್ಣಿಮೆಗಳಲ್ಲಂತೂ ಇನ್ನೂ ಬೇಗ ನಡೆಯಬೇಕು.

ಪೇಟೆಗೆ ಎರಡು ದಾರಿ. ಒಂದು ಗಾಡಿದಾರಿ. ಅಗಲ, ಸಮ, ಉದ್ದಕ್ಕೂ ನೆರಳು. ಆದರೆ ಸುತ್ತು. ಇನ್ನೊಂದು ಹಳ್ಳ ದಾಟಿ, ಬಂಡೆ ಹತ್ತಿ ಇಳಿದು ಹೋಗುವ ಕಾಲುದಾರಿ. ಹತ್ತಿರ, ಆದರೆ ಒಬ್ಬರ ಹಿಂದೆ ಒಬ್ಬರೇ ನಡೆಯಬೇಕು.

ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಗಾಡಿದಾರಿಯಲ್ಲೇ ಹೋಗುತ್ತಿದ್ದರು. ಅವನ ತಲೆಯ ಮೇಲೆ ದೊಡ್ಡ ಹೊರೆ, ಅವಳ ತಲೆಯ ಮೇಲೆ ಚಿಕ್ಕ ಹೊರೆ. ಊರು ದಾಟುವ ತನಕ ಅವಳು ನಾಲ್ಕು ಮಾರು ಹಿಂದೆ. ನೋಡುವವರು ಇಲ್ಲದ ಕಡೆ ಬಂದ ಕೂಡಲೇ ಪಕ್ಕಕ್ಕೆ ಬಂದುಬಿಡುತ್ತಿದ್ದಳು. ಅವನೋ ಮಹಾ ಮಾತುಗಾರ. ಬಾಯಿ ಬಿಟ್ಟರೆ ಕತೆ. ಅವಳು ಹೂಂ ಎನ್ನುತ್ತಿದ್ದಳು. ಹೂಂ ಅನ್ನುವವರಿಲ್ಲದಿದ್ದರೆ ಕತೆ ಹೇಳುವವನಿಗೆ ನಾಲಿಗೆ ಏಳುತ್ತದೆಯೇನಯ್ಯಾ? ಅದು ಸುತ್ತು ದಾರಿ ಎಂದು ಇಬ್ಬರಿಗೂ ಒಂದು ದಿನವೂ ಅನ್ನಿಸಲಿಲ್ಲ.

ಮಗಳು ಹುಟ್ಟಿದಳು. ಎಳೆಮಗುವನ್ನು ಒಪ್ಪಿಸಿ ಹೋಗಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೂಸಿಗೆ ನೀರು ಹಾಕಿ, ಹಾಲು ಕುಡಿಸಿ, ಎತ್ತಿಕೊಂಡು ಹೊರಡುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು. ನಿನ್ನ ಮನೆಯಲ್ಲಿ ಮಗು ಹುಟ್ಟಿತೆಂದು ಛತ್ರದ ಪಂಕ್ತಿ ಕಾಯುತ್ತದೆಯೇ? ಆಗ ಅವರು ಕಾಲುದಾರಿ ಹಿಡಿದರು. ಅದರಲ್ಲಿ ತಪ್ಪೇನಿಲ್ಲ. ಮಗುವಿಗಾಗಿ ಹಿಡಿದ ದಾರಿ ಅದು. ಅವನು ಮುಂದೆ, ಅವಳು ಸೊಂಟದ ಮೇಲೆ ಕೂಸು ಇಟ್ಟುಕೊಂಡು ಹಿಂದೆ. ತಲೆಯ ಮೇಲೆ ಹೊರೆ ಇದ್ದವನು ಕತ್ತು ತಿರುಗಿಸಲಾರ. ಹೆಂಡತಿ ಹಿಂದೆ ಬರುತ್ತಿದ್ದಾಳೆ ಎಂಬುದಕ್ಕೆ ಅವಳ ಹೂಂ ಒಂದೇ ಗುರುತು.

ಮಗಳು ನಡೆಯಲು ಕಲಿತ ಮೇಲೆ ಇಬ್ಬರ ನಡುವೆ ನಡೆದಳು. ಹೂಂ ಹೋಗಿ "ಆಮೇಲೆ?" ಬಂತು. ಆ ಪುಟ್ಟ ಕಾಲು ಸೋತ ಕಡೆಯೆಲ್ಲ ಮೂವರೂ ಕೂರುತ್ತಿದ್ದರು. ಅವನಿಗೆ ಒಂದು ದಿನವೂ ಬೇಸರ ಬರಲಿಲ್ಲ. ಮಗುವಿನ ಜೊತೆ ನಡೆಯುವಾಗ ನಿಧಾನ ಮಾಡಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ ನೋಡು.

ಮಗಳು ಮೈನೆರೆದಳು. ಪೇಟೆಗೆ ಬರುವುದು ನಿಂತಿತು. ಅವಳೊಬ್ಬಳನ್ನೇ ಬಿಟ್ಟು ಬರಲು ಮನಸ್ಸಾಗದೆ ತಾಯಿಯೂ ಮನೆಯಲ್ಲಿ ಉಳಿದಳು. ನಾಲ್ಕು ವರ್ಷ ಅವನು ಒಬ್ಬನೇ ಹೋದ. ಒಬ್ಬನೇ ನಡೆಯುವವನಿಗೆ ಯಾರ ಹಂಗು? ಎರಡು ಹೊರೆಯನ್ನೂ ಒಂದು ಮಾಡಿ ಹೊತ್ತು ಬಿರಬಿರನೆ ನಡೆದ. ಬಂಡೆಯ ಹತ್ತಿರ ಕೂರುವುದು ಮರೆತುಹೋಯಿತು. ಕತೆಯೂ ನಿಂತಿತು.

ಆಮೇಲೆ ಮಗಳ ಮದುವೆಯಾಯಿತು. ಅವಳು ಗಂಡನ ಮನೆಗೆ ಹೋದಳು. ಹೆಂಡತಿ ಮತ್ತೆ ಚಿಕ್ಕ ಹೊರೆ ಹೊತ್ತು ಅವನ ಜೊತೆ ಹೊರಟಳು.

"ಹೂಂ," ಎಂದ ಕರಿಬಸಯ್ಯ.

ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳು. ಈಗ ಅವರಿಗೆ ಕಾಲುದಾರಿ ಯಾಕೆ ಬೇಕಿತ್ತು? ನೀರು ಹಾಕಲು ಕೂಸಿಲ್ಲ, ಹೊರಡಲು ತಡವಿಲ್ಲ. ಮೊದಲಿನ ಹಾಗೆ ಇಬ್ಬರೇ. ಮನೆ ಬದಲಾಗಿತ್ತು, ಆದರೆ ಅದು ಅವನ ಕಾಲಿಗೆ ತಿಳಿಯಲಿಲ್ಲ. ಊರು ದಾಟಿದ್ದೇ ತಡ, ಕಾಲು ಹಳ್ಳದ ಕಡೆ ತಿರುಗಿತು. ಅದೂ ಒಬ್ಬನೇ ನಡೆದು ರೂಢಿಯಾದ ಅದೇ ಬಿರುಸಿನಲ್ಲಿ.

ಹೆಂಡತಿ ಒಂದು ದಿನ ಕೇಳಿದಳು. "ಏನೂಂದ್ರೆ, ಇನ್ನು ಮೇಲೆ ಗಾಡಿದಾರೀಲಿ ಹೋಗಾಣ. ಬಂಡೆ ಹತ್ತೋವಾಗ ಉಸಿರು ಕಟ್ತದೆ."

"ಹತ್ರದ ದಾರಿ ಬಿಟ್ಟು ಸುತ್ತಾಕ್ಕೊಂಡು ಹೋಗಕ್ಕೆ ನನಗೇನು ತಲೆ ಕೆಟ್ಟದಾ? ಹದಿನೇಳು ವರ್ಷದಿಂದ ಇದೇ ದಾರಿ. ನಡಿ ನಡಿ, ಹೊತ್ತಾಯ್ತದೆ."

ಯಾವ ಹೊತ್ತು ಆಗುತ್ತಿತ್ತು ಅವನಿಗೆ, ನನಗಂತೂ ತಿಳಿಯದು. ಅವಳು ಮತ್ತೆ ಕೇಳಲಿಲ್ಲ.

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ಹೆಂಡತಿ ಜೊತೆಗೆ ಬಂದಳೆಂದು ಅವನಿಗೆ ಹಿಗ್ಗೋ ಹಿಗ್ಗು. ನಾಲ್ಕು ವರ್ಷ ಕಟ್ಟಿಹಾಕಿದ್ದ ಕತೆಗಳೆಲ್ಲ ಹೊರಗೆ ಬಂದವು. ಮುಂದೆ ನಡೆಯುತ್ತಾ ಹೇಳುತ್ತಲೇ ಇದ್ದ. ಹಿಂದಿನಿಂದ ಹೂಂ ಬರುವುದು ತಡವಾದರೆ, "ಕೇಳ್ತಿದ್ದೀಯೋ ಇಲ್ವೋ?" ಎಂದು ಗದರುತ್ತಿದ್ದ. ಅದಕ್ಕಾಗಿ ಅವಳು ಹೂಂ ಅನ್ನುವುದಕ್ಕೆಂದೇ ಒಂದಿಷ್ಟು ಉಸಿರು ಉಳಿಸಿಕೊಳ್ಳುತ್ತಿದ್ದಳು. ಕಾಲಿಗೆ ಬೇಕಾದ ಉಸಿರು ಅದು. ಆ ಹೆಣ್ಣುಮಗಳನ್ನು ನೆನೆದರೆ ನನಗೆ ಕರುಳು ಚುರುಕ್ಕೆನ್ನುತ್ತದೆ.

ಗಂಡನಿಗೆ ಇದು ಕಾಣಲಿಲ್ಲವೇ ಎನ್ನುತ್ತೀಯೇನೋ. ಹೇಗೆ ಕಾಣಬೇಕು? ಮನೆಯಲ್ಲಿ ಕೂತು ಎಲೆ ಹಚ್ಚುವಾಗ ಅವಳ ಕೈ ಮೊದಲಿನಷ್ಟೇ ಚುರುಕು. ಅವಳು ಸೋತಿದ್ದು ನಡಿಗೆಯಲ್ಲಿ. ನಡಿಗೆ ಇದ್ದದ್ದು ಅವನ ಬೆನ್ನ ಹಿಂದೆ.

ಒಂದು ದಿನ ಬೆಳಗ್ಗೆ ಅವನು ಕಟ್ಟು ಬಿಗಿಯುತ್ತಿದ್ದ. ಹೆಂಡತಿ ನೆಲದಿಂದ ಏಳಲು ಹೋಗಿ ಕಂಬ ಹಿಡಿದುಕೊಂಡಳು. ಹಿಡಿದುಕೊಂಡು ಹಾಗೆಯೇ ನಿಂತಳು. ಬಾಯಿ ತೆರೆದು ಉಸಿರೆಳೆದಳು. ಅವನು ಅಂದು ಮೊದಲ ಸಲ ನೋಡಿದ. ಗಾಡಿದಾರಿಯ ಮಾತು ನೆನಪಾಯಿತು. ಇಂಥವಳನ್ನು ಬಂಡೆ ಹತ್ತಿಸಿದೆನಲ್ಲ, ನಾನೆಂಥ ಪಾಪಿ ಎಂದುಕೊಂಡ.

ಆಗಲೇ ಹೇಳಬಹುದಿತ್ತು. ಬಾಯಿ ಇರಲಿಲ್ಲವೇ? ಊರ ಕತೆಯೆಲ್ಲ ಹೇಳುವ ಬಾಯಿ! ಆದರೆ ಹೆಂಡತಿಯ ಮುಖ ನೋಡಿ ಒಂದು ಮೆತ್ತನೆಯ ಮಾತು ಆಡಲು ಗಂಡಸಿಗೆ ನಾಚಿಕೆ. ದಾರಿಯಲ್ಲಿ ಕತೆ ಮಾಡಿ ಹೇಳೋಣ ಎಂದುಕೊಂಡ. ಹೊರೆ ಹೊತ್ತು ಹೊರಟರು. ಊರು ದಾಟಿದರು. ಕಾಲು ಅದರ ಪಾಡಿಗೆ ಹಳ್ಳದ ಕಡೆ ತಿರುಗಿತು. ಹತ್ತು ಹೆಜ್ಜೆ ಹೋದ ಮೇಲೆ ಅವನಿಗೆ ತಿಳಿಯಿತು. ಅಯ್ಯೋ ಎಂದುಕೊಂಡ. ಇವತ್ತೊಂದು ದಿನ ಹೋಗಿಬಿಡೋಣ, ನಾಳೆಯಿಂದ ಗಾಡಿದಾರಿ ಎಂದುಕೊಂಡ.

ಕತೆ ಶುರು ಮಾಡಿದ. "ಒಂದೂರಲ್ಲಿ ಒಬ್ಬ ದಡ್ಡ ಇದ್ದ. ಅವನಿಗೆ ಎಲ್ಲರ ಮಾತೂ ಕೇಳಿಸ್ತಿತ್ತು, ಹೆಂಡತಿ ಮಾತು ಮಾತ್ರ ಕೇಳಿಸ್ತಿರಲಿಲ್ಲ…"

"ಹೂಂ," ಎಂದಳು ಹೆಂಡತಿ.

ಹಳ್ಳ ದಾಟಿದರು. ಅಲ್ಲಿಗೆ ಅವಳ ಕೈಲಾಗಲಿಲ್ಲ. "ಏನೂಂದ್ರೆ" ಎಂದು ಒಂದು ಸಲ ಕರೆದಳು. ನೀರಿನ ಸದ್ದಿನಲ್ಲಿ ಆ ದನಿ ಮುಂದೆ ಹೋಗಲಿಲ್ಲ. ಹೊರೆ ಇಳಿಸಿ ಬಂಡೆಗೆ ಒರಗಿ ಕುಳಿತಳು. ನೀರಿನ ಸದ್ದಿಗೆ ಹೂಂ ಕೇಳಿಸುತ್ತಿಲ್ಲ ಎಂದುಕೊಂಡು ಅವನು ತಿರುವು ದಾಟಿದ.

ಅಷ್ಟರಲ್ಲಿ ಬೆಣ್ಣೆ ಮಾರುವವಳೊಬ್ಬಳು ಕುಕ್ಕೆ ಹೊತ್ತು ಅದೇ ದಾರಿಯಲ್ಲಿ ಬಂದಳು. ಇವಳನ್ನು ಕಂಡು, "ಯಾಕವ್ವಾ ಕೂತೆ?" ಎಂದಳು.

"ಮುಂದೆ ನಮ್ಮೋರು ಹೋಗ್ತಾವ್ರೆ. ಒಂಚೂರು ನಿಲ್ಲೂಂತ ಹೇಳಿ."

"ಹೇಳ್ತೀನಿ ತಗೋ," ಎಂದು ಬೆಣ್ಣೆಯವಳು ಬೇಗಬೇಗ ನಡೆದಳು. ಒಂಚೂರು ಅಂದರೆ ಒಂಚೂರು ಎಂದೇ ಅವಳೂ ತಿಳಿದಳು.

ಅವನ ಬೆನ್ನ ಹಿಂದೆ ಬಂದಾಗ ಕತೆ ಬಿರುಸಾಗಿ ನಡೆದಿತ್ತು. ಗುರುತಿಲ್ಲದ ಗಂಡಸು ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕುವುದು ಹೇಗೆ? ಅವಳು ಮರ್ಯಾದಸ್ಥೆ. ಮಾತು ಒಂದು ಕಡೆ ನಿಲ್ಲಲಿ, ಹೇಳುತ್ತೇನೆ ಎಂದುಕೊಂಡಳು. ಯಾರಾದರೂ ಕತೆ ಹೇಳುತ್ತಿದ್ದರೆ ಸುಮ್ಮನೆ ಹಿಂದೆ ನಡೆಯಲು ನಮ್ಮ ಜನರಿಗೆ ಬರುತ್ತದೆಯೇ? ಅವನು ಒಂದು ಕಡೆ ಉಸಿರು ತೆಗೆದುಕೊಂಡ. ಅವಳ ಬಾಯಿಂದ ತಾನಾಗಿ ಬಂತು: "ಹೂಂ."

ಅವನಿಗೆ ಖುಷಿಯಾಯಿತು. ಇವತ್ತು ಇವಳ ಹೂಂ ಗಟ್ಟಿಯಾಗಿದೆ, ಉಸಿರು ಸರಿಹೋಗಿದೆ ಎಂದುಕೊಂಡ. ಕತೆಯನ್ನು ಇನ್ನಷ್ಟು ಬೆಳೆಸಿದ. ದಡ್ಡನನ್ನು ಸಂತೆಗೆ ಕಳಿಸಿದ, ಬಾವಿಗೆ ಬೀಳಿಸಿದ, ಮೇಲೆತ್ತಿದ. ಹಿಂದಿನಿಂದ ಹೂಂ ಬರುತ್ತಲೇ ಇತ್ತು. ನಿಜ ಹೇಳಬೇಕೆಂದರೆ ಬೆಣ್ಣೆಯವಳಿಗೂ ಕತೆಯ ರುಚಿ ಹತ್ತಿತ್ತು. ಆ ದಡ್ಡ ಏನಾದ ಎಂದು ತಿಳಿಯುವ ಆಸೆ. ಬಂಡೆ ದಾಟಿತು, ಇಳಿಜಾರು ದಾಟಿತು.

ಪೇಟೆಯ ಮೊದಲ ಮನೆ ಕಂಡಾಗ ಅವನು ನಿಧಾನ ಮಾಡಿದ. ಮುಂದೆಯೇ ನೋಡುತ್ತಾ ಹೇಳಿದ. "ಆ ದಡ್ಡ ಬೇರೆ ಯಾರೂ ಅಲ್ಲ ಕಣೇ, ನಾನೇ. ನಾಳೆಯಿಂದ ಗಾಡಿದಾರೀಲೇ ಹೋಗಾಣ. ನೀನು ಎಲ್ಲಿ ಕೂತರೆ ಅಲ್ಲಿ ನಾನೂ ಕೂರ್ತೀನಿ. ಇಷ್ಟು ದಿನ ನಿನ್ನ ಮಾತು ಕೇಳಲಿಲ್ಲ, ತಪ್ಪಾಯ್ತು."

ಹೂಂ ಬರಲಿಲ್ಲ.

"ಅಯ್ಯೋ ಯಜಮಾನ್ರೇ," ಎಂದಿತು ಒಂದು ಬೇರೆ ದನಿ, "ಇದು ನನಗೆ ಹೇಳೋ ಮಾತಲ್ಲ. ನಿಮ್ಮೋರು ಹಳ್ಳದ ತಾವ ಕೂತವ್ರೆ. ನಿಮ್ಮನ್ನ ಒಂಚೂರು ನಿಲ್ಲೂಂತ ಹೇಳಕ್ಕೆ ಹೇಳಿದ್ರು."

ಅವನು ಹೊರೆಯನ್ನು ಅಲ್ಲೇ ಎಸೆದು ಓಡಿದ. ಹಾಗೆ ಓಡಿದ್ದು ಅವನ ಜನ್ಮದಲ್ಲೇ ಮೊದಲು. ಬಿದ್ದ, ಎದ್ದ, ಮೊಣಕಾಲು ಒಡೆದುಕೊಂಡ. ಹೆಂಡತಿ ಬಂಡೆಗೆ ಒರಗಿ ಕುಳಿತೇ ಇದ್ದಳು. ಮುಖ ಅವನು ಹೋದ ದಾರಿಯ ಕಡೆಗಿತ್ತು. ಮೈ ತಣ್ಣಗಾಗಿತ್ತು. ಅವನು ಅವಳ ಪಕ್ಕದಲ್ಲಿ ಕುಳಿತು, ಆ ದಡ್ಡನ ಕತೆಯನ್ನು ಮೊದಲಿನಿಂದ ಹೇಳಿದ. ಕೊನೆಯ ಮಾತನ್ನು ಅವಳ ಮುಖ ನೋಡಿಕೊಂಡೇ ಹೇಳಿದ. ಆಮೇಲೆ ಬಾಯಿಬಾಯಿ ಬಡಿದುಕೊಂಡು ಅತ್ತ.

ಛತ್ರದಲ್ಲಿ ಅಂದು ಬಾಳೆ ಎಲೆಯಲ್ಲಿ ಊಟ ಬಡಿಸಿದರು. ಪಂಕ್ತಿ ನಿಲ್ಲಲಿಲ್ಲ.

ಗುರುಗಳು ಕತೆ ಮುಗಿಸಿದರು. ವಿಭೂತಿ ಗಟ್ಟಿಯೊಂದನ್ನು ಮಗ್ಗುಲು ತಿರುಗಿಸಿ ಇಟ್ಟರು. ಕರಿಬಸಯ್ಯ ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಂಡ.

"ಬುದ್ಧಿ, ತಪ್ಪು ಆ ಬೆಣ್ಣೆಯವಳದಲ್ಲವೇ? ಮರ್ಯಾದೆ ಬಿಟ್ಟು ಒಂದು ಮಾತು ಹೇಳಿದ್ದರೆ ಆ ಜೀವ ಉಳಿಯುತ್ತಿತ್ತು."

"ಉಳಿಯುತ್ತಿತ್ತೋ ಇಲ್ಲವೋ, ಗಂಡ ಪಕ್ಕದಲ್ಲಿ ಇರುತ್ತಿದ್ದ. ಬೆಣ್ಣೆಯವಳು ಅವಳನ್ನು ಕಂಡದ್ದು ಒಂದು ಗಳಿಗೆ. ಅವಳ ಮಾತು ಬಿಡು," ಎಂದು ಗುರುಗಳು ಅವನ ಕಡೆ ತಿರುಗಿದರು.

"ಕರಿಬಸಯ್ಯ, ನಿನ್ನ ಹೆಂಡತಿ ಈ ಮಠದ ಮೆಟ್ಟಿಲು ಹತ್ತುವಾಗ ಈಗ ಎಷ್ಟು ಕಡೆ ಕೂರುತ್ತಾಳೆ, ಹೇಳು?"