ಗರಿಮೀನಿನ ಕಣ್ಣು, ದೊರೆಯ ಮೀಸೆ

ಒಂದಾನೊಂದು ಊರು. ಊರಿಗಿಂತ ಅಲ್ಲಿನ ಹೊಳೆ ದೊಡ್ಡದು. ಹೊಳೆಗಿಂತ ಅಲ್ಲಿನ ದೊರೆಯ ಮೀಸೆ ದೊಡ್ಡದು. ಹೂಂ ಅನ್ನಿ, ಇಲ್ಲದಿದ್ದರೆ ಮುಂದೆ ಹೇಳುವುದಿಲ್ಲ.

ಆ ದೊರೆಗೆ ರಾಜ್ಯದ ಚಿಂತೆ ಇರಲಿಲ್ಲ, ಮೀಸೆಯ ಚಿಂತೆ ಇತ್ತು. ಒಂದು ಬೆಳಿಗ್ಗೆ ದೋಣಿಯಿಂದ ಬಗ್ಗಿ ನೀರಿನಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ. ಕೆಳಗಿದ್ದ ದೊಡ್ಡ ಮೀನು ಅದನ್ನು ಸಿಗಡಿ ಎಂದುಕೊಂಡಿತು. ಗಬಕ್! ಬಲಮೀಸೆ ಹೋಯಿತು. ಎಡಮೀಸೆ ಉಳಿಯಿತು.

ಅರ್ಧ ಮೀಸೆಯ ದೊರೆಗೆ ಎಷ್ಟು ರಾಜ್ಯ? ಅರ್ಧವೇ. ಎಡಗಡೆಯ ನೆಲ ಅವನ ಮಾತು ಕೇಳಿತು. ಬಲಗಡೆಯ ನೆಲ, "ಮೀಸೆ ತಂದು ಮಾತಾಡು" ಎಂದಿತು. ಎರಡರ ನಡುವಿನ ಗೆರೆ ಎಲ್ಲಿ ಹಾದುಹೋಗಬೇಕು? ನೇರ ತುಳಸುವಿನ ಮನೆಯ ಹೊಸ್ತಿಲ ಮೇಲೆ! ಅವಳ ಅಡುಗೆಮನೆ ಮೀಸೆ ಇದ್ದ ಕಡೆ ಉಳಿಯಿತು. ಜಗಲಿ ಮೀಸೆ ಇಲ್ಲದ ಕಡೆ ಹೋಯಿತು. ಹೊಸ್ತಿಲ ಮೇಲೆ ತೂಗುಬಿಟ್ಟ ತೊಟ್ಟಿಲು ಅತ್ತ ಒಮ್ಮೆ, ಇತ್ತ ಒಮ್ಮೆ. ತೊಟ್ಟಿಲಲ್ಲಿ ಅವಳ ಆರು ತಿಂಗಳ ಕೂಸು. ಅದರ ತಲೆಯಲ್ಲಿ ಇನ್ನೂ ತೆಗೆಸದ ಹುಟ್ಟುಗೂದಲು, ಮೆತ್ತಗೆ, ಕಪ್ಪಗೆ.

ತುಳಸು ಗರಿಮೀನು ಕಟ್ಟುವವಳು. ಗರಿಮೀನು ಅಂದರೆ ದೊಡ್ಡ ಮೀನನ್ನು ಮರುಳು ಮಾಡುವ ಸುಳ್ಳು ಮೀನು. ಗಾಳದ ಕುತ್ತಿಗೆಗೆ ಸೀಸ ಕರಗಿಸಿ ಹೊಯ್ದರೆ ತಲೆ. ಹಿಂದೆ ಹುಂಜದ ಗರಿ ಇಟ್ಟು ದಾರ ಸುತ್ತಿದರೆ ಬಾಲ. ಆಮೇಲೆ ಗಂಟಿಗೆ ಉಗುಳು, ಉಗುಳಿನ ಮೇಲೆ ಮೇಣ, ಕೊನೆಗೆ ಕಣ್ಣು. ಕಣ್ಣು ಮಾತ್ರ ಕೊನೆಗೇ. ಅದು ಅವಳ ಅವ್ವ ಕಲಿಸಿದ ಕ್ರಮ.

ದೊರೆಯ ಆಳು ಬೊಮ್ಮಯ್ಯ ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೇ ಬಂದ.

"ತುಳಸೂ, ಇವತ್ತು ಹೊಳೆಯ ಉಬ್ಬರ ಇಳಿಯುವುದರೊಳಗೆ ಗರಿಮೀನು ಕಟ್ಟಿ ಆ ಮೀನು ಹಿಡಿಯಬೇಕಂತೆ. ಮೀಸೆ ವಾಪಸು ಬರಬೇಕಂತೆ."

"ಬರದಿದ್ದರೆ?"

"ನಿನ್ನ ಕೂಸಿನ ಕೂದಲಿನಿಂದ ಮೀಸೆ ಮಾಡಿಸುತ್ತಾರಂತೆ."

"ಹುಟ್ಟುಗೂದಲಿಗೆ ಕೈ ಹಾಕ್ತೀರಾ? ಅದರ ಸೋದರಮಾವ ಬಂದು ಮಡಿಲಲ್ಲಿ ಕೂರಿಸಿಕೊಂಡು ತೆಗೆಸಬೇಕು, ಗೊತ್ತಿಲ್ಲವಾ?"

"ನಮಗೆ ಅಷ್ಟೆಲ್ಲ ಗೊತ್ತಿಲ್ಲ ತಂಗಿ. ತಲೆ ಬಿಟ್ಟು ಕೂದಲು ಮಾತ್ರ ತೆಗೆದು ಅಭ್ಯಾಸವೂ ಇಲ್ಲ" ಎಂದು ಬೊಮ್ಮಯ್ಯ ಕತ್ತರಿ ತೋರಿಸಿದ. ಕತ್ತರಿ ಕೂಸಿಗಿಂತ ಉದ್ದ ಇತ್ತು.

ಕೂಸನ್ನೆತ್ತಿಕೊಂಡು ಜಗಲಿಗೆ ಹೋಗಿ ಕೂರಬಾರದಿತ್ತೇ ಅಂತೀರಾ? ಕೇಳುವವರಿಗೆ ಸಲೀಸು. ಸೀಸ, ಒಲೆ, ಮೇಣ ಎಲ್ಲ ಅಡುಗೆಮನೆಯಲ್ಲಿ. ಕೂಸೋ, ತೊಟ್ಟಿಲಿನಿಂದ ಎತ್ತಿದರೆ ಊರು ಹರಿಯುವಂತೆ ಕಿರುಚುವ ಕೂಸು. ನಿಮ್ಮ ಹಾಗೆಯೇ.

ತುಳಸು ಒಂದು ಕಾಲಿನಲ್ಲಿ ತೊಟ್ಟಿಲು ತೂಗುತ್ತ, ಎರಡು ಕೈಯಲ್ಲಿ ಕಟ್ಟಲು ಕೂತಳು. ಹುಂಜ ಜಗಲಿಯಲ್ಲಿತ್ತು. "ಗರಿ ಕೊಡಲ್ಲ" ಎಂದಿತು. ಅಡುಗೆಮನೆಗೆ ಅಟ್ಟಿದಳು. "ತಗೊಳ್ಳಿ ಒಡತಿ" ಎಂದು ಬಾಲ ತಿರುಗಿಸಿತು.

ಆದರೆ ಅವಳ ಕಣ್ಣು ತೊಟ್ಟಿಲ ಮೇಲಿತ್ತು. ಗಡಿಬಿಡಿಯಲ್ಲಿ ತುಳಸು ಮೊದಲೇ ಕಣ್ಣು ಬಿಡಿಸಿಬಿಟ್ಟಳು! ಗರಿಮೀನು ಕಣ್ಣು ಬಿಟ್ಟುಕೊಂಡು, ತನ್ನನ್ನು ಹೇಗೆ ಕಟ್ಟಿದರೆಂದು ಪೂರ್ತಿ ನೋಡಿತು.

"ಅಮ್ಮಾ, ನನ್ನ ಬಾಲದಲ್ಲಿ ಕೊಕ್ಕೆ ಇದೆ."

"ಇದೆ."

"ಯಾರಿಗೆ?"

"ನಿನಗಲ್ಲ. ಬಾಯಿ ಮುಚ್ಚು."

"ನೀರು ತಣ್ಣಗಿರುತ್ತದಾ? ಆಳ ಇರುತ್ತದಾ? ಮೀನಿಗೆ ಹಲ್ಲು ಇರುತ್ತದಾ? ನಾನು ಹೋಗಲ್ಲ. ಅಕ್ಕ ಜೊತೆಗೆ ಬಂದರೆ ಹೋಗ್ತೀನಿ."

ತುಳಸು ಅಕ್ಕನನ್ನು ಕಟ್ಟಿದಳು. ಗಂಟಿಗೆ ಉಗುಳು, ಉಗುಳಿನ ಮೇಲೆ ಮೇಣ, ಕೊನೆಗೆ ಕಣ್ಣು. ಅಕ್ಕ ಕಣ್ಣು ಬಿಡುವಷ್ಟರಲ್ಲಿ ತಂಗಿ ಎಲ್ಲ ಕಿವಿಯಲ್ಲಿ ಊದಿಬಿಟ್ಟಿತ್ತು. "ಅಜ್ಜಿ ಒಪ್ಪಿದರೆ ನೋಡೋಣ" ಎಂದಿತು ಅಕ್ಕ. ತುಳಸು ಅಜ್ಜಿಯನ್ನು ಕಟ್ಟಿದಳು. ಗಂಟಿಗೆ ಉಗುಳು, ಉಗುಳಿನ ಮೇಲೆ ಮೇಣ, ಕೊನೆಗೆ ಕಣ್ಣು. "ನನಗೆ ಮೊಣಕಾಲು ನೋವು" ಎಂದಿತು ಅಜ್ಜಿ. ಅಜ್ಜಿಗೆ ಮೊಣಕಾಲೇ ಇರಲಿಲ್ಲ. ಆದರೂ ನೋಯುತ್ತಿತ್ತು.

ಹುಂಜ ಬೋಳಾಯಿತು. ಸೀಸ ಮುಗಿಯಿತು. ಹಿತ್ತಿಲ ಹೊಳೆಯಲ್ಲಿ ನೀರು ಇಳಿಯತೊಡಗಿತು. ದೊರೆ ದೋಣಿಯಲ್ಲಿ ಬಂದು ಅಡುಗೆಮನೆಯ ಒಲೆಯ ಪಕ್ಕ ಕೂತ, ಬಲಗೆನ್ನೆಗೆ ಕರವಸ್ತ್ರ ಮುಚ್ಚಿಕೊಂಡು.

"ಮೀಸೆ ಎಲ್ಲಿ?"

"ಇವು ಹೆದರಿಕೊಂಡಿವೆ ಒಡೆಯರೇ, ಇನ್ನೊಂದು ಗಳಿಗೆ..."

"ಬೊಮ್ಮಯ್ಯಾ, ಕತ್ತರಿಸು."

ಬೊಮ್ಮಯ್ಯ ಅಡುಗೆಮನೆಯಲ್ಲಿ ಕತ್ತರಿ ತೆರೆದ. ತೊಟ್ಟಿಲು ಜಗಲಿಗೆ ಹೋಯಿತು. ಅವನೂ ಹಿಂದೆಯೇ ಹೋದ. ಜಗಲಿಗೆ ಕಾಲಿಟ್ಟದ್ದೇ, "ಈ ದೊರೆಗೆ ಬೇರೆ ಕೆಲಸ ಇಲ್ಲ" ಎಂದು ಕತ್ತರಿ ಮುಚ್ಚಿ ಎಲೆಯಡಿಕೆ ತೆಗೆದ. ತೊಟ್ಟಿಲು ಅಡುಗೆಮನೆಗೆ ಬಂತು. ಅವನೂ ಬಂದ. "ಅಪ್ಪಣೆ ಒಡೆಯಾ" ಎಂದು ಎಲೆಯಡಿಕೆ ಉಗಿದು ಕತ್ತರಿ ತೆರೆದ. ಅತ್ತ ಮುಚ್ಚಿದ, ಇತ್ತ ತೆರೆದ. ಅತ್ತ ಮುಚ್ಚಿದ, ಇತ್ತ ತೆರೆದ.

ತೂಗಿ ತೂಗಿ ತುಳಸುವಿನ ಕಾಲು ಜೋಮು ಹಿಡಿಯಿತು. ತೊಟ್ಟಿಲು ಸಣ್ಣಗೆ ತೂಗಿತು. ಇನ್ನೂ ಸಣ್ಣಗೆ. ಹೊಸ್ತಿಲ ಮೇಲೆ ನಿಂತೇಬಿಟ್ಟಿತು. ಕಾಲು ಜಗಲಿಯ ಕಡೆ. ತಲೆ ಅಡುಗೆಮನೆಯ ಕಡೆ.

ಕತ್ತರಿ ತೆರೆಯಿತು.

"ಮೀಸೆ ತಾನೆ ಬೇಕು? ತಗೊಳ್ಳಿ!" ಎಂದು ತುಳಸು ಹಾರಿ ಹೋಗಿ, ಮೊದಲ ಗರಿಮೀನನ್ನು ದೊರೆಯ ಬಲಗಡೆಗೆ ಒತ್ತಿ, ಎಡಮೀಸೆಗೆ ದಾರ ಬಿಗಿದು ಗಂಟು ಹಾಕಿದಳು. ಗಂಟಿಗೆ ಉಗುಳು, ಉಗುಳಿನ ಮೇಲೆ ಮೇಣ. ಕಣ್ಣು ಮೊದಲೇ ಇತ್ತು. ಬಾಲದ ಕೊಕ್ಕೆ ಹುರಿ ಮಾಡಿದ ಮೀಸೆಯ ತುದಿಯ ಹಾಗೆ ಮೇಲಕ್ಕೆ ನಿಂತಿತು.

ದೊರೆ ಬಾಣಲೆಯಲ್ಲಿ ನೋಡಿಕೊಂಡ. ಖುಷಿಯಾದ. "ಭೇಷ್! ಈಗ ರಾಜ್ಯ ಪೂರ್ತಿ ನನ್ನದು. ಜಗಲಿಯೂ ನನ್ನದು. ಆದರೆ ಕೊಟ್ಟ ಅಪ್ಪಣೆ ಕೊಟ್ಟದ್ದೇ. ಬೊಮ್ಮಯ್ಯಾ, ಕತ್ತರಿಸು."

ಅಯ್ಯೋ! ಈಗ ಓಡಲು ಜಗಲಿಯೂ ಇಲ್ಲ. ತುಳಸು ಮಾಡಿದ್ದನ್ನು ನೋಡಿದಿರಾ? ತನ್ನ ಕೈಯಾರೆ ಆ ಬಾಗಿಲೂ ಮುಚ್ಚಿಕೊಂಡಳು.

ಆಗ ಬಲಮೀಸೆ ಬಾಯಿ ಬಿಟ್ಟಿತು.

"ಅಮ್ಮಾ, ಆ ಕತ್ತರಿ ಚೂಪಾ? ಕೂಸಿಗೆ ನೋವಾಗುತ್ತದಾ? ಕೂಸಿನದಾದ ಮೇಲೆ ಮೀಸೆಯದಾ?"

ಮೀಸೆ ನಡುಗಿತು. ಮೀಸೆ ನಡುಗಿದರೆ ತುಟಿ ನಡುಗದೆ ಇರುತ್ತದೆಯೇ? ತುಟಿ ನಡುಗಿತು. ತುಟಿಯಲ್ಲಿದ್ದ ಅಪ್ಪಣೆಯೂ ನಡುಗಿತು. ಎಡಮೀಸೆ "ಕತ್ತರಿಸು" ಎಂದಿತು. ಬಲಮೀಸೆ "ಮೊದಲು ಅಮ್ಮನನ್ನು ಕೇಳು" ಎಂದಿತು. ಬೊಮ್ಮಯ್ಯ ಎಡಗೈಯಲ್ಲಿ ಕತ್ತರಿ ತೆರೆದು, ಬಲಗೈಯಲ್ಲಿ ತಲೆ ಕೆರೆದುಕೊಂಡ.

"ಕೇಳಲಾ ತಂಗಿ?"

"ಕೇಳು."

"ಕತ್ತರಿಸಲಾ?"

"ನಿನ್ನ ಕೈ ಕತ್ತರಿಸಿಕೋ. ಕತ್ತರಿ ಇಟ್ಟು ಹೊರಡು. ನನಗೆ ದಾರ ಕತ್ತರಿಸೋಕೆ ಬೇಕು."

ಬೊಮ್ಮಯ್ಯ ಕತ್ತರಿ ಇಟ್ಟು ಹೊರಟ. ದೊರೆಯೂ ಹೊರಟ. ದೋಣಿ ಹತ್ತುವಾಗ ಮೀಸೆ, "ಇದು ಮುಳುಗುತ್ತದಾ ಅಮ್ಮಾ?" ಎಂದಿತು. ದೊರೆ ಕೆಸರಿನಲ್ಲಿ ನಡೆದುಕೊಂಡೇ ಅರಮನೆ ಸೇರಿದ. ಅಂದಿನಿಂದ ಆ ರಾಜ್ಯದಲ್ಲಿ ಯಾವ ಅಪ್ಪಣೆಯಾದರೂ ಮೊದಲು ತುಳಸುವಿನ ಅಡುಗೆಮನೆಗೆ ಬಂದು, ಒಪ್ಪಿಗೆ ಪಡೆದು, ಆಮೇಲೆ ಹೊರಡುತ್ತದೆ. ಹೆಚ್ಚಿನವು ಹೊರಡುವುದೇ ಇಲ್ಲ. ಅರ್ಧ ಮೀಸೆ ನುಂಗಿದ ದೊಡ್ಡ ಮೀನು ಹೊಳೆಯ ಅರ್ಧ ಮೀನುಗಳನ್ನು ಆಳುತ್ತಿದೆಯಂತೆ. ಅಕ್ಕ, ಅಜ್ಜಿ ಇಬ್ಬರೂ ತೊಟ್ಟಿಲ ಹಗ್ಗಕ್ಕೆ ಜೋತು, ಕೂಸಿಗೆ ಶೀತವಾಗುತ್ತದೆ ಎಂದು ದಿನವಿಡೀ ಗೊಣಗುತ್ತವೆ.

ಸೋದರಮಾವ ಬಂದ. ಮಡಿಲಲ್ಲಿ ಕೂರಿಸಿಕೊಂಡ. ಕೂಸಿನ ಕೂದಲು ಕ್ರಮವಾಗಿ ತೆಗೆಸಿದ್ದಾಯಿತು. ಆದರೂ ತೊಟ್ಟಿಲು ನಿಂತಾಗಲೆಲ್ಲ ತುಳಸು ಕೈಯಲ್ಲಿದ್ದ ಗಂಟು ಬಿಟ್ಟು, ತಲೆ ಯಾವ ಕಡೆ ಇದೆ ಎಂದು ನೋಡಿ ಬರುತ್ತಾಳೆ.

ನೀತಿ ಏನಪ್ಪಾ ಅಂದರೆ, ಮೀನಿಗೆ ಕಟ್ಟುವುದಾದರೆ ಕಣ್ಣು ಕೊನೆಗೆ ಬಿಡಿಸಿ. ದೊರೆಗೆ ಕಟ್ಟುವುದಾದರೆ ಮೊದಲೇ ಬಿಡಿಸಿ.

ಕತೆ ನೀರಿಗೆ ಬಿತ್ತು, ದಾರ ನನ್ನ ಕೈಯಲ್ಲಿ ಉಳಿಯಿತು. ಏಳಿ, ಕೈ ತೊಳೆದು ಬನ್ನಿ. ತಮ್ಮನ ತೊಟ್ಟಿಲು ಯಾಕೆ ನಿಂತಿದೆ ನೋಡಿ ಬನ್ನಿ.