ಅಳುವುದಕ್ಕೆ ಅಪ್ಪಣೆ

"ನಾಡಿನ ಜನರೆಲ್ಲ ಕೇಳಿ! ದೊರೆಗಳು ಮೂರು ಒಗಟು ಒಡ್ಡಿದ್ದಾರೆ. ಬಿಡಿಸಿದವರು ಮಹಾಗುಡಿಯಿಂದ ಬೇಕಾದ್ದನ್ನು ಬೇಡಬಹುದು. ತಪ್ಪಿದವರ ತಲೆ ಉಳಿಯುವುದಿಲ್ಲ!"

ಉದಯದ್ವೀಪದಲ್ಲಿ ಹೀಗೆ ಡಂಗುರ ಹೊಡೆದಾಗ ಇದ್ದಿಲು ಸುಡುವ ಮೊಸಾಕು ಹೊರಟು ನಿಂತ. ಯುದ್ಧದಲ್ಲಿ ಸತ್ತವರೆಲ್ಲರಂತೆ ಅವನ ಅಣ್ಣ ತೊಕುಜಿಯನ್ನೂ ರಾಜಧಾನಿಯ ಮಹಾಗುಡಿಯಲ್ಲಿ ದೇವರಾಗಿ ಸೇರಿಸಿಕೊಂಡಿದ್ದರು. ಮನೆಗೆ ಒಂದು ಹಿಡಿ ಬೂದಿಯೂ ಬಂದಿರಲಿಲ್ಲ. ಅಣ್ಣನನ್ನು ಕರೆತರಬೇಕು, ಅಮ್ಮ ಅವನಿಗೊಂದು ದೀಪ ಹಚ್ಚಬೇಕು, ಅಷ್ಟೇ ಮೊಸಾಕುವಿನ ಆಸೆ.

ತುಂಬಿದ ಸಭೆಯಲ್ಲಿ ದೊರೆ ಕೇಳಿದ: "ಕಾಲಿಲ್ಲದವನು ಊರು ಬಿಟ್ಟ. ಅವನು ಹೋದ ಮೇಲೆ ಹಕ್ಕಿಗಳಿಗೆ ಗೂಡಿಲ್ಲ. ಯಾರವನು?"

"ತಮ್ಮ ಹೆಸರು ಕೇಳಿ ಓಡಿದ ಶತ್ರು, ಮಹಾಪ್ರಭು!" ಎಂದ ಪಂಡಿತನೊಬ್ಬ. ಕಾಲಿಲ್ಲದ ಶತ್ರು ಓಡಿದ್ದು ಹೇಗೋ! ಸೇನಾಪತಿಯ ಮಗ "ಬಿರುಗಾಳಿ" ಎಂದ. ಇಬ್ಬರನ್ನೂ ಹೊರಗೆ ಎಳೆದೊಯ್ದರು. ಮೊಸಾಕು ಮುಂದೆ ಬಂದು ಕೈಮುಗಿದ.

"ನಮ್ಮೂರ ದೇವರು, ಬುದ್ಧಿ," ಎಂದ. "ಊರೂರ ಗುಡಿ ಮುಚ್ಚಿಸಿ ದೇವರನ್ನೆಲ್ಲ ಒಂದೇ ಕಡೆ ಸೇರಿಸಿದ್ರಿ. ದೇವರ ಬನ ಕಡಿದು ಯುದ್ಧದ ಹಡಗು ಕಟ್ಟಿಸಿದ್ರಿ."

ದೊರೆ ಹಿಗ್ಗಿದ. ತನ್ನ ಸಾಧನೆಗಳನ್ನೇ ಒಗಟು ಮಾಡಿದ್ದವನು ಅವನು. "ಹೊರಡುವಾಗ ಮಗ, ತಲುಪುವಾಗ ದೇವರು. ಮನೆಯ ದಾರಿ ಮರೆತವನು ಯಾರು?"

ಮೊಸಾಕು ತಲೆಯೆತ್ತಿದ. "ಯುದ್ಧಕ್ಕೆ ಹೋದ ನಮ್ಮಣ್ಣ. ಅವನು ಮರೆತಿದ್ದಲ್ಲ ಬುದ್ಧಿ, ನೀವು ಬಿಡಲಿಲ್ಲ."

ದೊರೆ ಮೂರನೆಯದನ್ನು ಕೇಳಿದ: "ನಾನು ಕೈಮುಗಿದರೆ ಅದೂ ಕೈಮುಗಿಯುತ್ತದೆ. ನಾನು ಕತ್ತಿ ಎತ್ತಿದರೆ ಅದೂ ಎತ್ತುತ್ತದೆ. ಏನದು?"

"ಮಹಾಗುಡಿಯೊಳಗೆ ದೇವರ ಜಾಗದಲ್ಲಿ ಇಟ್ಟಿರೋ ಕನ್ನಡಿ. ಅದರ ಮುಂದೆ ನಿಲ್ಲೋರು ನೀವೊಬ್ಬರೇ. ಅದಕ್ಕೇ ನಿಮಗೆ ಬೇಕಾದ್ದೇ ದೇವರಿಗೂ ಬೇಕಾಗತ್ತೆ."

ದೊರೆಯ ಮುಖ ಕಪ್ಪಿಟ್ಟಿತು. ಆದರೆ ಡಂಗುರ ಹೊಡೆಸಿದ ಮಾತನ್ನು ನುಂಗುವಂತಿರಲಿಲ್ಲ. "ಏನು ಬೇಕೋ ಬೇಡು."

"ನಮ್ಮಣ್ಣನ್ನ ಮನೆಗೆ ಕಳಿಸಿಕೊಡಿ."

ಮಹಾಗುಡಿಯ ಅರ್ಚಕ ತಲೆಯಾಡಿಸಿದ. "ಹಂಡೆಗೆ ಸುರಿದ ಚೊಂಬು ನೀರನ್ನ ಬೇರೆ ಮಾಡೋಕಾಗತ್ತೇನಯ್ಯ? ಒಳಗೆ ಸೇರಿದವರೆಲ್ಲ ಈಗ ಒಂದೇ ದೇವರು. ಬೇರೆ ಕೇಳು."

ಮೊಸಾಕು ಕುಸಿದು ಕೂತ. ಅಮ್ಮನಿಗೆ ಏನೆಂದು ಹೇಳುವುದು? ಆ ಗುಡಿಯ ಮುಂದೆ ಕಣ್ಣೀರು ಹಾಕುವಂತೆಯೂ ಇರಲಿಲ್ಲ. ದೇವರಾದ ಮಗನಿಗಾಗಿ ಅಳುವುದು ರಾಜದ್ರೋಹವಾಗಿತ್ತು. ಕೊನೆಗೆ ಅವನೆಂದ, "ಹಾಗಾದ್ರೆ ನಮ್ಮಮ್ಮನಿಗೆ ಅಲ್ಲಿ ಅಳೋದಕ್ಕೆ ಅಪ್ಪಣೆ ಕೊಡಿ."

"ಅವಳೊಬ್ಬಳಿಗೆ ಮಾತ್ರ," ಎಂದ ದೊರೆ.

ಮೊಸಾಕು ತಾಯಿಯನ್ನು ಕರೆತಂದ. ಮುದುಕಿ ಮಹಾಗುಡಿಯ ಮೆಟ್ಟಿಲ ಮೇಲೆ ಕೂತು ದನಿಯೆತ್ತಿ ಅತ್ತಳು. ಪೂಜೆಗೆಂದು ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಅವಳ ಪಕ್ಕದಲ್ಲಿ ಕೂತು ಅಳತೊಡಗಿದರು. ಕಾವಲಿನವರು ಓಡಿ ಬರುವಷ್ಟರಲ್ಲಿ ಮೆಟ್ಟಿಲು ತುಂಬಿತ್ತು. ಅಪ್ಪಣೆ ಪಡೆದ ತಾಯಿ ಯಾರೆಂದು ಅವರಿಗೆ ತಿಳಿಯಲಿಲ್ಲ.